ಇಲ್ಲಿ ಅವನು ಏನೋ ಹೇಳ್ತಾನೆ

ನಮ್ಮ ದೊಡ್ಡಮ್ಮನ ಕಥೆ ಹೇಳುತ್ತೇನೆ, ಕೇಳಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತುಂಡು ತುಂಡು ವಾಯ್ಸ್ ನೋಟಾಗಿ ಕಳಿಸುತ್ತೇನೆ. ನಡುವೆ ಹಾರ್ನ್ ಸದ್ದು ಬಂದರೆ ಬೈಯಬೇಡಿ. ನಾನೀಗ ಕೂತಿರುವುದೇ ಬಸ್ ನಿಲ್ದಾಣದ ಬೆಂಚಿನ ಮೇಲೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಈ ನಿಲ್ದಾಣದಲ್ಲಿ ಅನೌನ್ಸರ್. "ಪ್ರಯಾಣಿಕರ ಗಮನಕ್ಕೆ" ಅನ್ನುವ ಆ ಧ್ವನಿ ಇದೆಯಲ್ಲ, ಅದು ಅವಳದು. ಈಗ ಅದನ್ನು ರೆಕಾರ್ಡ್ ಮಾಡಿಟ್ಟಿದ್ದಾರೆ, ಅವಳ ಪಕ್ಕದಲ್ಲಿರುವ ಮೆಷಿನ್ನೇ ಹೇಳಿಕೊಳ್ಳುತ್ತದೆ. ಬಸ್ಸು ಕೆಟ್ಟರೆ, ಮಗು ಕಳೆದರೆ, ಯಾರಾದರೂ ಬ್ಯಾಗ್ ಬಿಟ್ಟು ಹೋದರೆ ಮಾತ್ರ ಅವಳೇ ಬಾಯಿ ಬಿಡಬೇಕು. ಉಳಿದ ಹೊತ್ತು ಗಾಜಿನ ಗೂಡಿನೊಳಗೆ ಕೂತು, ತನ್ನದೇ ಧ್ವನಿ ತನಗೇ ಪ್ಲಾಟ್‌ಫಾರ್ಮ್ ಹೇಳುವುದನ್ನು ಕೇಳುತ್ತಿರುತ್ತಾಳೆ.

ಇನ್ನೊಂದು ಕೆಲಸವೂ ಇದೆ. ಪ್ರೇಮ ಕಾದಂಬರಿ ಬರೆಯುತ್ತಾಳೆ. ಬರೆಯುತ್ತಾಳೆ ಅನ್ನುವುದು ಬಾಯಿಮಾತು. ಅವಳು ಪೆನ್ನು ಹಿಡಿದದ್ದನ್ನು ನಾನು ಕಂಡಿದ್ದು ಹಾಜರಿ ಸಹಿಗೆ ಮಾತ್ರ. ಅವಳು ಹೇಳುತ್ತಿದ್ದಳು, ದೊಡ್ಡಪ್ಪ ಟೈಪ್ ಮಾಡುತ್ತಿದ್ದರು. ಊಟದ ಮೇಜಿನ ಈ ಕಡೆ ಅವಳು, ಆ ಕಡೆ ಅವರು, ನಡುವೆ ಟೈಪ್‌ರೈಟರ್, ಆಮೇಲೆ ಹಳೆಯ ಕಂಪ್ಯೂಟರ್. ಪುಸ್ತಕ ಬಸ್ ನಿಲ್ದಾಣದ ಅಂಗಡಿಗಳಲ್ಲೇ ಮಾರಾಟ. ಮುಖಪುಟದ ಮೇಲೆ ಇರುವುದು ಅವಳ ಹೆಸರಲ್ಲ, ಪ್ರಕಾಶಕರು ಕಟ್ಟಿದ ಒಂದು ಚೆಂದದ ಹೆಸರು. ಆ ಹೆಸರಿನ ಒಡೆಯರೂ ಅವರೇ. ಅವಳು ಬಿಟ್ಟರೆ ಇನ್ನೊಬ್ಬರು ಆ ಹೆಸರಿನಲ್ಲಿ ಬರೆಯಬಹುದು ಅಂತ ಮೊದಲೇ ಮಾತಾಗಿತ್ತು. ಹೀಗಾಗಿ ಗೂಡಿನ ಮುಂದೆ ಹೆಂಗಸರು ಅವಳ ಪುಸ್ತಕವನ್ನೇ ಓದುತ್ತ ಕೂತಿರುತ್ತಾರೆ, ಕತ್ತೆತ್ತಿ ಅವಳನ್ನೇ ಸನ್ನೆ ಮಾಡಿ ಕೇಳುತ್ತಾರೆ, ಬಸ್ಸು ಬಂತಾ ಅಂತ.

ಅಚ್ಚಾದ ಪುಸ್ತಕವನ್ನು ಮಾತ್ರ ಅವಳು ಒಮ್ಮೆಯೂ ತೆರೆದವಳಲ್ಲ. ಯಾಕೆ ಅಂದರೆ, "ಹೋದ ಬಸ್ಸನ್ನ ಯಾರಾದ್ರೂ ಇನ್ನೊಂದ್ಸಲ ಅನೌನ್ಸ್ ಮಾಡ್ತಾರೇನೇ?" ಅನ್ನುತ್ತಿದ್ದಳು.

ಈ ಹುಚ್ಚು ಹತ್ತಿದ್ದು ಇದೇ ಗೂಡಿನಲ್ಲಿ. ಕೆಲಸಕ್ಕೆ ಸೇರಿದಾಗ ಅವಳಿಗೆ ಈಗಿನ ನನ್ನ ವಯಸ್ಸು. ಗಾಜು ದಪ್ಪ. ಹೊರಗಿನದೆಲ್ಲ ಕಾಣುತ್ತದೆ, ಒಂದೂ ಕೇಳಿಸುವುದಿಲ್ಲ. ಕಿಟಕಿಯೊಳಗೆ ಹುಡುಗಿ, ಕೆಳಗೆ ಹುಡುಗ, ಅವನು ಏನೋ ಹೇಳುತ್ತಾನೆ, ಅವಳು ಮುಖ ತಿರುಗಿಸುತ್ತಾಳೆ, ಬಸ್ಸು ಹೊರಡುತ್ತದೆ. ದಿನಾ ಇದೇ ಸಿನಿಮಾ, ಸೌಂಡ್ ಇಲ್ಲದ್ದು. ಆಗ ಅವಳ ಜೊತೆ ಗೂಡಿನಲ್ಲಿ ಪಾಸ್ ಕೊಡುವ ಹೆಂಗಸೊಬ್ಬಳಿದ್ದಳು, ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಳಂತೆ. ಅವಳಿಗೆ ಹೊತ್ತು ಹೋಗಲಿ ಅಂತ ದೊಡ್ಡಮ್ಮ ಹೊರಗಿನವರ ಮೇಲೆ ಕಥೆ ಕಟ್ಟಿ ಹೇಳುತ್ತಿದ್ದಳು.

ಒಂದು ಸಂಜೆ ಮೈಕ್ ಆರಿಸುವುದನ್ನು ಮರೆತಳು. ಮೈಕಿನ ಕೆಂಪು ದೀಪ ಸುಟ್ಟುಹೋಗಿತ್ತು, ಗೊತ್ತಾಗಲಿಲ್ಲ. ಇಡೀ ನಿಲ್ದಾಣಕ್ಕೆ ಕಥೆ ಕೇಳಿಸಿತು. ಮೆಕ್ಯಾನಿಕ್‌ಗಳು ಸ್ಪ್ಯಾನರ್ ಹಿಡಿದು ನಿಂತುಬಿಟ್ಟರು. ಡ್ರೈವರ್‌ಗಳು ಎಂಜಿನ್ ಆರಿಸಿದರು, ಸರಿಯಾಗಿ ಕೇಳಲಿ ಅಂತ. ಆಗ ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡ ಒಬ್ಬ ಮನುಷ್ಯ ಗಾಜಿನ ಹತ್ತಿರ ಬಂದು ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಅಷ್ಟೇ. ಬಸ್ಸಿನ ವಿಚಾರ ಇರಬೇಕು ಅಂದುಕೊಂಡು ಇವಳು ನಗುತ್ತ ತಲೆಯಾಡಿಸಿ ಕಥೆ ಮುಂದುವರಿಸಿದಳು. ಟೀ ಕುಡಿಯಲು ಹೋಗಿದ್ದ ಕಂಟ್ರೋಲರ್ ಲೋಟ ಎಸೆದು ಓಡಿ ಬರುವಷ್ಟರಲ್ಲಿ ಕಥೆಯ ನಾಯಕಿ ಅರ್ಧ ಅತ್ತಾಗಿತ್ತು.

ಆ ಚೀಲದ ಮನುಷ್ಯನೇ ನಮ್ಮ ದೊಡ್ಡಪ್ಪ. ಕಚೇರಿಯೊಂದರ ಮುಂದೆ ಮರದ ಕೆಳಗೆ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡುತ್ತಿದ್ದವರು. ಆ ದಿನ ಅವರ ಬಸ್ಸು ತಪ್ಪಿತು. ಮರುದಿನವೂ ಬಂದರು, ಅದರ ಮರುದಿನವೂ. ಹತ್ತುವ ಬಸ್ಸು ಯಾವುದೂ ಇರಲಿಲ್ಲ. ಪಾಸಿನ ಹೆಂಗಸೇ ನಡುವೆ ನಿಂತು ಮದುವೆಯ ಮಾತು ಆಡಿಸಿದಳಂತೆ. ಅವರಿಗೇ ಬಿಟ್ಟಿದ್ದರೆ ಇವತ್ತಿಗೂ ಅಲ್ಲೇ ನಿಂತಿರುತ್ತಿದ್ದರು ಅನ್ನುತ್ತಾಳೆ ನಮ್ಮಮ್ಮ.

ಯಾಕೆಂದರೆ ದೊಡ್ಡಪ್ಪನಿಂದ ಒಂದು ಮಾತು ಹೊರಡಿಸುವುದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯುವುದು ಸುಲಭ. "ಹೂಂ" ಅಂದರೆ ಅವರ ಮಟ್ಟಿಗೆ ಅದು ಭಾಷಣ. ಪಕ್ಕದ ಮನೆಗೆ ಹೊಸದಾಗಿ ಬಂದವರು ಪಾಪ ಮೂಗರು ಅಂದುಕೊಂಡು ತಿಂಗಳುಗಟ್ಟಲೆ ಕೈಸನ್ನೆಯಲ್ಲೇ ಮಾತಾಡಿಸಿದ್ದರು. ಅವರೂ ಕೈಸನ್ನೆಯಲ್ಲೇ ಉತ್ತರ ಕೊಟ್ಟಿದ್ದರು.

ಹೋದದ್ದೂ ಹಾಗೆಯೇ, ಮಾತಿಲ್ಲದೆ. ಮಧ್ಯಾಹ್ನ ಮರದ ಕೆಳಗೆ ಮೆಷಿನ್ನಿನ ಮೇಲೆ ತಲೆಯಿಟ್ಟರು. ಪಕ್ಕದಲ್ಲಿ ಸ್ಟ್ಯಾಂಪ್ ಮಾರುವವನು ನಿದ್ದೆ ಅಂದುಕೊಂಡು, ಮುಖಕ್ಕೆ ಬಿಸಿಲು ಬೀಳದ ಹಾಗೆ ತನ್ನ ಕೊಡೆಯನ್ನು ಓರೆ ಮಾಡಿಟ್ಟಿದ್ದ.

ದೊಡ್ಡಮ್ಮ ಅಳಲಿಲ್ಲ. ಬಂದವರೆಲ್ಲ ಅವಳ ಮುಖ ನೋಡುತ್ತ ಕಾದು ಕಾದು, ಚೆನ್ನಾಗಿರುವುದಿಲ್ಲ ಅಂತ ತಾವೇ ಅತ್ತು ಹೋದರು. ಅವಳು ಬಟ್ಟೆ ಮಡಿಸಿಟ್ಟಳು, ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟಳು, ವಾರ ಕಳೆಯುವ ಮೊದಲೇ ಕೆಲಸಕ್ಕೆ ಹೋದಳು. ನಮ್ಮಮ್ಮ ಹೆದರಿ, ಒಂದು ಸಲ ಅತ್ತುಬಿಡೇ ಅಕ್ಕ ಅಂದಾಗ ಹೇಳಿದ್ದು ನನಗಿನ್ನೂ ನೆನಪಿದೆ. "ಕಾಲು ಜೋಮು ಹಿಡಿದಾಗ ಅದು ನಮ್ಮ ಕಾಲೋ ಪಕ್ಕದೋರ ಕಾಲೋ ಗೊತ್ತಾಗಲ್ಲ ನೋಡು. ಹಾಗಿದೆ. ಚಿವುಟಿ ನೋಡ್ದೆ. ಏನೂ ಇಲ್ಲ."

ಮನೆ ಮೊದಲೂ ಸದ್ದಿಲ್ಲದೆ ಇತ್ತು, ಈಗಲೂ ಸದ್ದಿಲ್ಲ. ಟೈಪಿನ ಟಕಟಕ ಒಂದು ಹೋಯಿತು.

ಆಗ ಒಂದು ಕಾದಂಬರಿ ಅರ್ಧಕ್ಕೆ ನಿಂತಿತ್ತು. ಪ್ರಕಾಶಕರು ಫೋನ್ ಮಾಡಿದರು, ಸಮಾಧಾನ ಹೇಳಿದರು, ಅದರ ಬಾಲಕ್ಕೇ, ಉಳಿದದ್ದು ಯಾವಾಗಮ್ಮಾ ಅಂದರು. ದೊಡ್ಡಮ್ಮನಿಗೆ ಟೈಪ್ ಬಾರದು. ಬಿಳಿ ಹಾಳೆ ಕಂಡರೆ ಬಾಯಿ ಕಟ್ಟಿ ಹೋಗುತ್ತದೆ. ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವಳು, ನನ್ನ ಬೆರಳು ನನ್ನ ಬಾಯಿಗಿಂತ ಚುರುಕು. "ನೀನು ಗೂಡಿನಲ್ಲಿ ಕೂತು ವಾಯ್ಸ್ ನೋಟ್ ಕಳ್ಸು ದೊಡ್ಡಮ್ಮ, ನಾನು ಹೊಡೆದು ಕೊಡ್ತೀನಿ" ಅಂದೆ. ಮರುದಿನ ಮೊದಲನೆಯದು ಬಂತು.

ಏನು ಧ್ವನಿ ಅದು! ಏರಿಲ್ಲ, ಇಳಿವಿಲ್ಲ. ನರ್ಸ್ ಹುಡುಗಿಯೊಬ್ಬಳು ಬೇರೆ ಊರಿನ ಆಸ್ಪತ್ರೆಗೆ ಹೊರಟಿದ್ದಾಳೆ, ಅವಳನ್ನು ಇಷ್ಟಪಡುವ ಗಡಿಯಾರ ರಿಪೇರಿಯವನು ಬಾಯಿಬಿಟ್ಟು ಹೇಳಲಾರ. ಇಂಥ ಕಥೆಯನ್ನು ಐದನೇ ಪ್ಲಾಟ್‌ಫಾರ್ಮಿನ ಬಸ್ಸು ತಡವಾಗಿದೆ ಅನ್ನುವ ಹಾಗೆ ಹೇಳುತ್ತಿದ್ದಳು. ಹಿಂದೆ ರೆಕಾರ್ಡಿನಲ್ಲಿ ಅವಳದೇ ಹಳೆಯ ಧ್ವನಿ, ಎಳೆಯದು, ಜೀವ ಇರುವುದು, ಬಸ್ಸುಗಳ ಹೆಸರು ಕೂಗುತ್ತಿತ್ತು. ಆ ಎರಡು ಧ್ವನಿ ಒಂದೇ ಗಂಟಲಿನದು ಅಂದರೆ ನಂಬುವ ಹಾಗಿರಲಿಲ್ಲ.

ಕಥೆಯ ನಡುನಡುವೆ ಅವಳು ಒಂದು ಮಾತು ಹೇಳುತ್ತಿದ್ದಳು. "ಅವನು ಗಡಿಯಾರ ಅವಳ ಕೈಯಲ್ಲಿಟ್ಟ. ಇಲ್ಲಿ ಅವನು ಏನೋ ಹೇಳ್ತಾನೆ. ಅವಳು ತಲೆ ತಗ್ಗಿಸಿದಳು." ನಾನು ಅದನ್ನೂ ಹಾಗೆಯೇ ಹೊಡೆದೆ. ದೊಡ್ಡ ಲೇಖಕಿ, ಅದೊಂದು ಶೈಲಿ ಇರಬೇಕು ಅಂದುಕೊಂಡೆ. ಪುಟಪುಟದಲ್ಲೂ "ಇಲ್ಲಿ ಅವನು ಏನೋ ಹೇಳ್ತಾನೆ" ಅಂತ ಹೊಡೆದು ಕಳಿಸಿದೆ.

ಪ್ರಕಾಶಕರ ಫೋನ್ ಬಂತು. "ಏನಮ್ಮಾ, ನಮ್ಮ ಹೀರೋಗೆ ಬಾಯಿ ಬಿದ್ದು ಹೋಗಿದೆಯಾ? ಏನೋ ಹೇಳ್ತಾನೆ, ಏನೋ ಹೇಳ್ತಾನೆ! ಏನು ಹೇಳ್ತಾನೆ ಅಂತ ಓದುಗರು ನಿಮ್ಮ ಮನೆಗೆ ಬಂದು ಕೇಳ್ಬೇಕಾ?"

ದೊಡ್ಡಮ್ಮನನ್ನು ಕೇಳಿದೆ. ಅವಳು ಆಗ ಕೊಡೆ ರಿಪೇರಿ ಮಾಡುತ್ತಿದ್ದಳು. ಅವಳಿಗಿರುವ ಹವ್ಯಾಸ ಅದೊಂದೇ. ನಿಲ್ದಾಣದಲ್ಲಿ ಜನ ಬಿಟ್ಟುಹೋದ, ಯಾರೂ ಕೇಳಿ ಬರದ ಕೊಡೆಗಳನ್ನು ಮನೆಗೆ ತಂದು, ಮುರಿದ ಕಡ್ಡಿ ಕಟ್ಟಿ, ಹರಿದ ಬಟ್ಟೆ ಹೊಲಿದು, ಮತ್ತೆ ನಿಲ್ದಾಣದಲ್ಲೇ ಒಂದು ಮೂಲೆಯಲ್ಲಿ ತೂಗುಹಾಕಿ ಬರುತ್ತಾಳೆ, ಬೇಕಾದವರು ಒಯ್ಯಲಿ ಅಂತ. ನಾಯಕ ಏನು ಹೇಳುತ್ತಾನೆ ಅಂದದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನಂಗೇನು ಗೊತ್ತು? ಗಾಜಿನೊಳಗೆ ಕೂತೋಳಿಗೆ ಗಂಡಸ್ರ ಮಾತು ಎಲ್ಲಿ ಕೇಳ್ಸುತ್ತೆ? ಹೆಂಗಸ್ರದ್ದು ನಾನೇ ಹೇಳ್ತೀನಿ. ಅವನದು ಬಂದಾಗ 'ಇಲ್ಲಿ ಅವನು ಏನೋ ಹೇಳ್ತಾನೆ' ಅಂತಿದ್ದೆ. ಇವರು ಏನೋ ಒಂದು ಹಾಕ್ಕೋತಿದ್ರು."

"ಏನು ಹಾಕ್ತಿದ್ರು?"

"ನಾನ್ಯಾಕೆ ಕೇಳ್ಲಿ?" ಅಂದಳು.

ಅರ್ಥವಾಯಿತಲ್ಲ? ಅಷ್ಟು ವರ್ಷ ಅವಳ ನಾಯಕರೆಲ್ಲ ಆಡಿದ್ದು ದೊಡ್ಡಪ್ಪನ ಮಾತು. ಹೊರಗೆ "ಹೂಂ" ಬಿಟ್ಟು ಬೇರೇನೂ ಆಡದ ಮನುಷ್ಯನದು.

ನಾನೇ ತುಂಬಿಸಿದೆ. "ನೀನಿಲ್ಲದೆ ನಾನಿಲ್ಲ", "ನನ್ನ ಉಸಿರೇ ನೀನು", ಹೀಗೆ ಎದೆ ಒಡೆಯುವಂಥದ್ದು. ಪ್ರಕಾಶಕರು ಓದಿ, ಇವನು ನಮ್ಮ ಹೀರೋ ಅಲ್ಲ, ಯಾರದೋ ರಿಂಗ್‌ಟೋನ್ ಅಂದರು. ಮೊದಲ ಪುಸ್ತಕದಲ್ಲಿ ಮಾತ್ರ ಹೀರೋ ಆಗಾಗ "ಈ ಮೂಲಕ ತಿಳಿಸುವುದೇನೆಂದರೆ" ಅನ್ನುತ್ತಿದ್ದನಂತೆ, ಅದನ್ನು ಅವರೇ ತೆಗೆದಿದ್ದರಂತೆ. ಅದಾದ ಮೇಲೆ ಒಂದಕ್ಷರ ಮುಟ್ಟಿಲ್ಲವಂತೆ. ಆಮೇಲೆ ದನಿ ತಗ್ಗಿಸಿ ಹೇಳಿದರು: ಪ್ರೆಸ್ಸಿಗೆ ಹೋಗುವ ದಿನ ಹತ್ತಿರ ಬಂದಿದೆ, ಕೊನೆಯ ಅಧ್ಯಾಯ ಬೇಕು, ಅದರಲ್ಲಿ ಅವನು ಅವನ ಹಾಗೆ ಮಾತಾಡಬೇಕು. ಆಗಲಿಲ್ಲವೆಂದರೆ ಆ ಹೆಸರಿನಲ್ಲಿ ಬರೆಯಲು ಇನ್ನೊಬ್ಬರು ತಯಾರಿದ್ದಾರೆ. "ಬೇಜಾರು ಮಾಡ್ಕೋಬೇಡಿ. ಹೋಗಿ ಮೊದಲ ಪುಸ್ತಕ ಓದಿ. ಗಾಜಿನ ಹತ್ರ ಬಂದು ಅವನು ಏನಂದ? ಆ ಒಂದು ಮಾತಿಗೆ ಜನ ಇವತ್ತಿಗೂ ಅದನ್ನ ಕೊಳ್ತಾರೆ."

ದೊಡ್ಡಮ್ಮನಿಗೆ ಹೇಳಿದೆ. "ಹೌದಾ" ಅಂದಳು. ಹೆಸರು ಹೋಗುತ್ತೆ ದೊಡ್ಡಮ್ಮ ಅಂದೆ. "ನಂದೇನಲ್ಲವಲ್ಲ" ಅಂದಳು. ಆದರೆ ಸೂಜಿಗೆ ದಾರ ಪೋಣಿಸಲು ಹೋದವಳು ಪೋಣಿಸದೆ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದಳು. ಕೊನೆಗೆ ಕಥೆಯೂ ಹೋದರೆ ಸಂಜೆ ಮೇಜಿನ ಮುಂದೆ ಯಾಕೆ ಕೂರಬೇಕೋ ತಿಳಿಯುವುದಿಲ್ಲ ಅಂತ ಗೋಡೆಗೆ ಹೇಳುವ ಹಾಗೆ ಹೇಳಿದಳು.

ಆ ಭಾನುವಾರ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋದೆ. ಅವಳು ಕೊಡೆ ಬಿಚ್ಚಿಕೊಂಡು ಕೂತಳು, ನಾನು ನಾಯಕನ ಮಾತು ಬಂದಲ್ಲೆಲ್ಲ ಓದಿದೆ. ನೀವೂ ಓದಿ ನೋಡಿ ಒಮ್ಮೆ. ಪ್ರೇಮ ಅನ್ನುವ ಶಬ್ದವೇ ಇಲ್ಲ. ಒಬ್ಬ, "ಚಪ್ಪಲಿ ಕಚ್ಚುತ್ತಾ?" ಅನ್ನುತ್ತಾನೆ. ಇನ್ನೊಬ್ಬ, "ಬೆಳಗಿನ ಪಾಳಿ ಇದ್ರೆ ಹೇಳು, ಅಲಾರಾಂ ಬೇಡ, ನಾನೇ ಏಳ್ತೀನಿ" ಅನ್ನುತ್ತಾನೆ. ಮತ್ತೊಬ್ಬ, ಜಗಳದ ನಡುವೆ, "ಸಿಟ್ಟು ಬಂದ್ರೆ ನಿನ್ನ ಎಡಗಿವಿ ಮಾತ್ರ ಕೆಂಪಾಗುತ್ತೆ" ಅನ್ನುತ್ತಾನೆ. ಅದನ್ನು ಓದಿದಾಗ ದೊಡ್ಡಮ್ಮನ ಕೈ ಕಿವಿಯವರೆಗೆ ಹೋಯಿತು. ಅಲ್ಲೇನೂ ಇಲ್ಲ ಅನ್ನುವ ಹಾಗೆ ಕೊಡೆಯ ಕಡ್ಡಿಗೆ ವಾಪಸ್ ಬಂತು.

"ಮುಂದೆ" ಅಂದಳು.

ಉಳಿದದ್ದು ಮೊದಲ ಪುಸ್ತಕ, ಮೈಕ್ ಮರೆತ ಆ ಸಂಜೆಯನ್ನೇ ಅವಳು ಕಥೆ ಮಾಡಿ ಹೇಳಿದ್ದು. ಗಾಜಿನ ಪ್ರಸಂಗ.

"ಅದು ಬಿಡು."

"ಅದೇ ಮುಖ್ಯ ಅಂದಿದ್ದಾರೆ."

ಅವಳು ಕೊಡೆ ಕೆಳಗಿಟ್ಟಳು. ಆ ಸಂಜೆ ಅವರು ಏನು ಹೇಳಿದರು ಅಂತ ಮದುವೆಯಾದ ಮೇಲೂ ಕೇಳಿಲ್ಲವಂತೆ. ಮೈಕ್ ಆನ್ ಇದೆ ಅಂತ ಹೇಳಲು ಬಂದಿರುತ್ತಾನೆ, ಇನ್ನೇನು ಅಂತ ಕಂಟ್ರೋಲರಿಂದ ಹಿಡಿದು ಎಲ್ಲರೂ ನಕ್ಕಿದ್ದರು. ಇರಬಹುದು. "ನಾನು ಕೇಳಿ, ಅವರೂ ಅದನ್ನೇ ಅಂದುಬಿಟ್ಟಿದ್ರೆ? ಒಂದು ಸ್ವಿಚ್ಚಿನ ವಿಚಾರಕ್ಕೆ ಮದ್ವೆ ಆದ ಹಾಗಾಗ್ತಿತ್ತು. ಗೊತ್ತಿಲ್ದೆ ಇರೋದೇ ವಾಸಿ ಅಂತ ಸುಮ್ನಿದ್ದೆ." ಆಮೇಲೆ ಕೇಳಿದಳು, "ಇದನ್ನ ಓದಿದೋರಿಗೆಲ್ಲ ಗೊತ್ತಾ?"

"ಎಲ್ರಿಗೂ."

"ನನ್ನೊಬ್ಬಳನ್ನ ಬಿಟ್ಟು." ಅದನ್ನೂ ಬೇಜಾರಿನಿಂದ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ, "ಅದರಲ್ಲಿ ಮೈಕ್ ಅಂತ ಬರುತ್ತಾ? ಅಷ್ಟು ಮಾತ್ರ ಹೇಳು" ಅಂದಳು.

"ಬರಲ್ಲ."

"ಓದು ಹಾಗಾದ್ರೆ."

ಓದಿದೆ. ಅವನ ಬಸ್ಸು ಹೊರಡುತ್ತಿತ್ತು, ಅವನು ಬಸ್ಸು ಬಿಟ್ಟು ಗಾಜಿನ ಬಳಿ ಬಂದ, "ಆಮೇಲೆ?" ಎಂದ.

"ಅಷ್ಟೇನಾ?"

"ಅಷ್ಟೇ."

ದೊಡ್ಡಮ್ಮ ಕೊಡೆ ಬಿಚ್ಚಿದಳು, ಮುಚ್ಚಿದಳು. ಕಾದಂಬರಿ ತಾನೇ, ಟೈಪ್ ಮಾಡುವಾಗ ಹೊಳೆದಿರುತ್ತದೆ, ನಿಜಕ್ಕೂ ಮೈಕ್ ಅಂತಲೇ ಅಂದಿರುತ್ತಾರೆ ಅಂದಳು. ಆಮೇಲೆ ಎದ್ದು ಬಾಲ್ಕನಿಯ ಗಾಜಿನ ಬಾಗಿಲು ತೆರೆದು, "ಹೋಗೇ, ಆಚೆ ನಿಂತ್ಕೋ" ಅಂದಳು.

ನಾನು ಹೋದೆ. ಬಾಗಿಲು ಎಳೆದುಕೊಂಡಳು. ಒಳಗಿನಿಂದ ಕೈ ಮಾಡಿದಳು. ನನಗೆ ತಿಳಿಯಿತು. ಮೊದಲು "ಮೈಕ್ ಆನ್ ಇದೆ" ಅಂದೆ. ನಂತರ "ಆಮೇಲೆ" ಅಂದೆ. ಇನ್ನೊಮ್ಮೆ ಅಂತ ಬೆರಳು ತೋರಿಸಿದಳು. ಮತ್ತೆ ಎರಡೂ ಅಂದೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನನ್ನ ತುಟಿಯನ್ನೇ ನೋಡುತ್ತಿದ್ದಳು, ಕಣ್ಣಿನ ಡಾಕ್ಟರು ಬೋರ್ಡು ಓದಿಸುವಾಗ ನೋಡುತ್ತೇವಲ್ಲ, ಹಾಗೆ. ಎದುರು ಮನೆಯವರು ಬಟ್ಟೆ ಒಣಗಿಸುತ್ತ ನಿಂತು ನೋಡುತ್ತಿದ್ದರು, ಹುಡುಗಿಗೆ ಏನಾಯಿತು ಅಂತ. ಕೊನೆಗೆ ಬಾಗಿಲು ತೆರೆದಳು.

"ಸಾಕು, ಒಳಗೆ ಬಾ."

"ಯಾವುದು ದೊಡ್ಡಮ್ಮ?"

ಮುಖದಲ್ಲಿ ಏನೂ ಕಾಣಲಿಲ್ಲ. ಕೂತು, ಸೂಜಿಗೆ ದಾರ ಪೋಣಿಸಿ, ಹೊಲಿಯತೊಡಗಿದಳು.

ಮರುದಿನ ಗೂಡಿನಿಂದ ವಾಯ್ಸ್ ನೋಟ್ ಬಂತು. ಕೊನೆಯ ಅಧ್ಯಾಯ. ನರ್ಸ್ ಹುಡುಗಿ ಬಸ್ಸಿನಲ್ಲಿ ಕೂತಿದ್ದಾಳೆ. ಗಡಿಯಾರದವನು ಕಿಟಕಿಯ ಕೆಳಗೆ ಬಂದಿದ್ದಾನೆ. "ಇಲ್ಲಿ ಅವನು" ಅಂದಳು, ನಿಲ್ಲಿಸಿದಳು. ಹಿಂದಿನಿಂದ ರೆಕಾರ್ಡಿನ ಎಳೆಯ ಧ್ವನಿ ಯಾವುದೋ ಬಸ್ಸು ಹೊರಡುತ್ತಿದೆ ಅಂತ ಪೂರ್ತಿ ಹೇಳಿ ಮುಗಿಸಿತು. ಇವಳು ಕಾದಳು. ಆಮೇಲೆ ಅದೇ ಸಪ್ಪೆ ದನಿಯಲ್ಲಿ ಹೇಳಿದಳು: "ಇಲ್ಲಿ ಅವನು, 'ಅಲ್ಲಿ ಇಳಿದ ಮೇಲೆ ಏನಾಯ್ತು ಅಂತ ಹೇಳು, ನಾನು ಎದ್ದಿರ್ತೀನಿ' ಅಂತಾನೆ. ಅವಳು ತಲೆಯಾಡಿಸಿದಳು. ಬಸ್ಸು ಹೊರಟಿತು. ಮುಗೀತು. ಚಿಕ್ಕದಾಯ್ತೇನೇ?"

ಒಂದಕ್ಷರ ಸೇರಿಸದೆ ಹೊಡೆದು ಕಳಿಸಿದೆ. ಪ್ರಕಾಶಕರಿಂದ ಆ ದಿನವೆಲ್ಲ ಸುದ್ದಿಯಿಲ್ಲ. ಮರುದಿನ ಫೋನ್ ಮಾಡಿ, ಹೀರೋಗೆ ಸ್ವಲ್ಪ ವಯಸ್ಸಾದ ಹಾಗಿದೆ ಅಂದರು. ಆಮೇಲೆ, ಪರವಾಗಿಲ್ಲ, ನಮ್ಮವನೇ, ಪ್ರೆಸ್ಸಿಗೆ ಹೋಗಲಿ ಅಂದರು. ನಡುನಡುವೆ ಖಾಲಿ ಉಳಿದದ್ದನ್ನೂ ಅವಳೇ ತುಂಬಿಸಲಿ, ಹೆಸರು ಅವಳ ಹತ್ತಿರವೇ ಇರಲಿ ಅಂದರು.

ಓಡಿ ಹೋಗಿ ಹೇಳಿದ್ದಕ್ಕೆ, "ಹೌದಾ. ಬರೋವಾಗ ಕೊಡೆಗೆ ದಾರ ತಗೊಂಡು ಬಾ" ಅಂದಳು. ನಾನೇನೋ ಕುಣಿಯುತ್ತಾಳೆ ಅಂದುಕೊಂಡಿದ್ದೆ.

ಅದಕ್ಕೇ ಈಗ ಇಲ್ಲಿ ಕೂತಿದ್ದೇನೆ. ಅವಳ ಪಾಳಿ ಮುಗಿಯಬೇಕು. ಎದುರಿಗೆ ಗೂಡು ಕಾಣುತ್ತಿದೆ. ಫೋನ್ ಬಾಯಿಗೆ ಹಿಡಿದುಕೊಂಡು ಏನೋ ಹೇಳುತ್ತಿದ್ದಾಳೆ, ಒಂದೂ ಕೇಳಿಸುತ್ತಿಲ್ಲ. ಸಂಜೆ ನನಗೇ ಬರುತ್ತದೆ, ಹೊಸ ಕಥೆಯೋ, ಸಾಮಾನಿನ ಪಟ್ಟಿಯೋ. ತಾಳಿ, ದಾರ ತೋರಿಸಿ ಬರುತ್ತೇನೆ.

ತೋರಿಸಿದೆ. ಗಾಜಿನೊಳಗಿನಿಂದಲೇ ನೋಡಿ, ಅಲ್ಲ ಅಂತ ತಲೆಯಾಡಿಸಿದಳು. ಅವಳು ಕಪ್ಪು ಹೇಳಿದ್ದಳಾ? ನಾನು ತಂದದ್ದು ನೀಲಿ. ಅಂಗಡಿ ಮುಚ್ಚುವ ಮೊದಲು ಹೋಗಿ ಬದಲಾಯಿಸಿಕೊಂಡು ಬರಬೇಕು.